ಕೊಲೆಯಾದವನು ಮದುವೆಗೆ ಬಂದದ್ದು

ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನದು ಕ್ವಾಲಿಟಿ ವಿಭಾಗ. ಬಂದ ಮಾಲಿನಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಹಾಗಾಗಿ ಕೊಲೆಗಾರನನ್ನು ಹುಡುಕುವ ಸಿನಿಮಾ ಬಂದರೆ ಮನೆಯಲ್ಲಿ ನಾನೇ ಅಧಿಕೃತ ವ್ಯಾಖ್ಯಾನಕಾರ.

ಆ ಭಾನುವಾರ, ಕೊಲೆಯನ್ನೂ ನಗುವನ್ನೂ ಬೆರೆಸಿದ ಅಂಥದೊಂದು ಚಿತ್ರದ ಎರಡನೇ ಭಾಗಕ್ಕೆ ಹೆಂಡತಿ ಸುಮಾ, ಅತ್ತೆ, ಮಾವ ಮೂವರನ್ನೂ ತುಮಕೂರು ರಸ್ತೆಯ ಮಾಲ್‌ಗೆ ಕರೆದುಕೊಂಡು ಹೋದೆ. ರಾಜಗೋಪಾಲನಗರದ ನಮ್ಮ ಮಾವ ಮೊದಲನೇ ಭಾಗವನ್ನು ಟಿವಿಯಲ್ಲಿ ಬಂದಾಗಲೆಲ್ಲ ನೋಡಿದವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಇದೇ ಅವರ ಮೊದಲ ಸಿನಿಮಾ. ಕೊಲೆಗಾರನನ್ನು ತಾವೇ ಮೊದಲು ಹಿಡಿಯುವುದಾಗಿ ಅತ್ತೆಗೆ ಸವಾಲು ಬೇರೆ ಹಾಕಿದ್ದರು.

ಚಿತ್ರದ ತುಂಬ ಸ್ಟಾರುಗಳು. ಬಾಗಿಲು ತೆಗೆದವನೂ ಸ್ಟಾರು, ಕಾಫಿ ತಂದವನೂ ಸ್ಟಾರು. ಒಬ್ಬೊಬ್ಬರು ಬಂದಾಗಲೂ ಮಾವನ ಕಿವಿಯಲ್ಲಿ ನನ್ನ ವಿವರಣೆ ನಡೆದಿತ್ತು. ಇಂಟರ್ವಲ್‌ಗೆ ಸರಿಯಾಗಿ ದಪ್ಪ ಮೀಸೆಯ ವಕೀಲ ಸೋಫಾದ ಮೇಲೆ ಹೆಣವಾಗಿ ಬಿದ್ದ. ಸಾಯುವಾಗಲೂ ಜನರನ್ನು ನಗಿಸಿದ ಪುಣ್ಯಾತ್ಮ.

ಮಾವನನ್ನು ಶೌಚಾಲಯಕ್ಕೆ ಕರೆದೊಯ್ದೆ. ಅಲ್ಲಿ ಉದ್ದ ಸಾಲು. ಸಿನಿಮಾ ಶುರುವಾಗಿಬಿಟ್ಟಿತೆಂಬ ಗಾಬರಿಯಲ್ಲಿ ಅವರ ಕೈ ಹಿಡಿದು ಕತ್ತಲ ಹಾಲ್‌ಗೆ ನುಗ್ಗಿದೆ. ನಮ್ಮ ಸಾಲು ಖಾಲಿ ಇತ್ತು. ಹೆಂಗಸರು ಪಾಪ್‌ಕಾರ್ನ್ ತರಲು ಹೋಗಿರಬೇಕು ಎಂದುಕೊಂಡೆ.

ಪರದೆಯ ಮೇಲೆ ಮದುವೆ ನಡೆಯುತ್ತಿತ್ತು. ಎಲ್ಲ ಹೊಸ ಮುಖಗಳು. ಇವರೆಲ್ಲ ಗೆಸ್ಟ್ ರೋಲು ಎಂದು ಮಾವನಿಗೆ ತಿಳಿಸಿದೆ. ಅಷ್ಟರಲ್ಲಿ ಸತ್ತ ವಕೀಲ ರೇಷ್ಮೆ ಪಂಚೆ ಉಟ್ಟು ಬಂದು ವರನ ಕಾಲು ತೊಳೆಯಲು ಕೂತ.

ಮಾವ ಮೆಲ್ಲಗೆ ಕೇಳಿದರು, "ಅಳಿಯಂದ್ರೇ, ಇವ್ನು ಸತ್ತೋಗಿದ್ನಲ್ವಾ?"

"ಇವ್ನು ಅವನ ಅವಳಿ ತಮ್ಮ, ಮಾವ. ಕೊಲೆಗಾರ ಇವನೇ. ನೋಡ್ತಾ ಇರಿ."

ನೋಡುತ್ತಲೇ ಇದ್ದೆವು. ಕೊಲೆಗಾರ ಮಗಳನ್ನು ಧಾರೆ ಎರೆದುಕೊಟ್ಟ, ನೆಂಟರಿಗೆ ಊಟ ಬಡಿಸಿದ, ಮಗಳನ್ನು ಕಳಿಸುವಾಗ ಬಿಕ್ಕಿಬಿಕ್ಕಿ ಅತ್ತ. ಅದು ಪಶ್ಚಾತ್ತಾಪ ಎಂದು ವಿವರಿಸಿದೆ. ಮಾವ ಕಣ್ಣೊರೆಸಿಕೊಂಡರು. ಪೊಲೀಸರು ಮಾತ್ರ ಬರಲೇ ಇಲ್ಲ. ದೀಪ ಹತ್ತಿದಾಗ, ಉಳಿದದ್ದು ಮೂರನೇ ಭಾಗದಲ್ಲಿ ಬರುತ್ತದೆ ಎಂದು ಸಮಾಧಾನ ಹೇಳಿ ಅವರನ್ನು ಎಬ್ಬಿಸಿದೆ.

ಹೊರಗೆ, ಪಕ್ಕದ ಹಾಲ್‌ನ ಬಾಗಿಲಲ್ಲಿ ಸುಮಾ ಕೈಕಟ್ಟಿ ನಿಂತಿದ್ದಳು. ಸೈಲೆಂಟ್ ಮಾಡಿದ್ದ ನನ್ನ ಫೋನಿನಲ್ಲಿ ಅವಳ ಕರೆಗಳ ಮೆರವಣಿಗೆಯೇ ಇತ್ತು.

"ರೀ, ಅಪ್ಪನ್ನ ಎಲ್ಲಿಗೆ ಕರ್ಕೊಂಡ್ ಹೋಗಿದ್ರಿ?"

ಅವಳ ಹಿಂದಿನ ಬಾಗಿಲ ನಂಬರ್ ನೋಡಿದೆ. ನಾವು ಹೊರಬಂದ ಬಾಗಿಲ ನಂಬರ್ ನೋಡಿದೆ. ಕ್ವಾಲಿಟಿ ವಿಭಾಗ ತಲೆ ತಗ್ಗಿಸಿತು.

ಮೆಟ್ರೋದಲ್ಲಿ ತಾಯಿ ಮಗಳು ಅಷ್ಟೂ ಸ್ಟಾರುಗಳ ನಟನೆಯನ್ನು ತೂಗಿ ನೋಡಿದರು. ಅತ್ತೆಗೆ ಅಡುಗೆಯವಳ ಪಾತ್ರ ಹಿಡಿಸಿತ್ತು, ಸುಮಾಗೆ ಇನ್ಸ್‌ಪೆಕ್ಟರ್. ಕೊಲೆಗಾರ ಯಾರೆಂದು ಅತ್ತೆ ಬಾಯಿ ಬಿಡಲಿಲ್ಲ. ಕೊನೆಗೆ ಸುಮಾ ಅಪ್ಪನನ್ನೂ ಕೇಳಿದಳು, ಯಾರ ಆ್ಯಕ್ಟಿಂಗ್ ಇಷ್ಟ ಆಯ್ತು ಅಂತ.

"ನಮ್ಮಳಿಯಂದ್ರದ್ದೇ ಕಣಮ್ಮ," ಅಂದರು ಮಾವ. "ತಪ್ಪು ಸಿನಿಮಾಕ್ಕೆ ಬಂದಿದೀವಿ ಅಂತ ಅವ್ರಿಗೆ ಮದ್ವೆ ಸೀನಲ್ಲೇ ಗೊತ್ತಾಗೋಗಿತ್ತು. ನಂಗೆ ಬೇಜಾರಾಗ್ಬಾರ್ದು ಅಂತ ಕೊನೇವರ್ಗೂ ಮುಖದಾಗೆ ತೋರಿಸ್ಕೊಳ್ಲಿಲ್ಲ."

ಕೊನೆಯವರೆಗೂ ನನಗೆ ಗೊತ್ತೇ ಆಗಿರಲಿಲ್ಲ ಎಂದು ಹೇಳಬೇಕಿತ್ತು. ಹೇಳದೆ ಕಿಟಕಿಯಾಚೆ ನೋಡಿದೆ.

ಮಾವ ಅದನ್ನು ವಿನಯ ಅಂದುಕೊಂಡರು. ಸುಮಾ ಅಂದುಕೊಳ್ಳಲಿಲ್ಲ.