ಇವ್ರೇ, ಇವ್ನೇ

ಅವರು ಚೆನ್ನಾಗಿದ್ದ ಕಡೇ ದಿನ ಬೆಳಿಗ್ಗೆ ನಾನೊಂದು ಶಪಥ ಮಾಡಿದೆ: ಪ್ರಾಣ ಹೋದರೂ ಗಂಡನ ಹೆಸರು ಹೇಳುವವಳಲ್ಲ. ಮೂವತ್ತೊಂದು ವರ್ಷ ಹೇಳಿರಲಿಲ್ಲ. ರೇಷನ್ ಅಂಗಡಿಯವರು ತಮಿಳಿನಲ್ಲಿ ಗಂಡನ ‘ಪೇರು’ ಕೇಳಿದರೆ ಕಾರ್ಡನ್ನೇ ಮೂಗಿನ ಮುಂದೆ ಹಿಡಿಯುತ್ತಿದ್ದೆ. ಓದಿಕೊಳ್ಳಲಿ, ಓದಿದವರಲ್ಲವೇ!

ನನ್ನ ಈ ಜಂಬ ಮುರಿಯಲೆಂದೇ ಅವರು ಜೀರಹಳ್ಳಿಯಿಂದ ತಂದ ನಾಯಿಮರಿಗೆ ತಮ್ಮದೇ ಹೆಸರಿಟ್ಟಿದ್ದರು. ನಮ್ಮವು ಹದಿನೆಂಟು ಮೇಕೆ, ಎರಡು ನಾಯಿ. ಮುದಿ ಕೆಂಚಿ ಬೊಗಳುವುದಕ್ಕಷ್ಟೇ. ಮೇಕೆ ತಿರುಗಿಸಿ ತರುವುದು ಈ ಮರಿಯ ಕೆಲಸ. ಹೆಸರು ಹಿಡಿದು ಕೂಗದಿದ್ದರೆ ಅದು ಬಾಲವನ್ನೂ ಅಲ್ಲಾಡಿಸದು. ಹಾಗೆ ಕಲಿಸಿದ್ದರು.

ನಾನು ಅವರನ್ನು ‘ಇವ್ರೇ’ ಅನ್ನುತ್ತಿದ್ದೆ, ನಾಯಿಯನ್ನು ‘ಇವ್ನೇ’. ಅವರಿಗೆ ಕಿವಿ ಮಂದ. ಆ ಬೆಳಿಗ್ಗೆಯೂ ದೊಡ್ಡಿಯಲ್ಲಿ ಹಿಕ್ಕೆ ಗುಡಿಸುತ್ತ ‘ಇವ್ನೇ’ ಅಂದೆ. ನಾಯಿ ಮಲಗೇ ಇತ್ತು. ಅವರು ಟೀ ಲೋಟ ಹಿಡಿದು ಬಂದು ನಿಂತರು.

“ಎಸ್ರಿಡ್ದು ಒಂದ್ ಕಿತ ಕೂಗ್ಬುಡಮ್ಮಿ. ನಾ ಓ ಅನ್ನದೆ ಇದ್ರೆ ಕೇಳು.”

“ಉಸುರಿರೋಗಂಟ ಕೂಗಕಿಲ್ಲ. ಕಾಯ್ಕಂಡಿರಿ,” ಅಂದೆ.

ಮಾರನೆಯ ದಿನ ಸೊಪ್ಪು ಕಡಿಯಲು ಹೋದವರು ಮರದ ಬುಡದಲ್ಲಿ ಕೂತರು. ಏಳಲಿಲ್ಲ. ಎದೆ ನಿಂತಿದೆ ಅಂದರು ತಾಳವಾಡಿಯ ಡಾಕ್ಟರು.

ತಿಥಿಯಾಗಿ ನಾಲ್ಕನೇ ದಿನ. ದೊಡ್ಡಿಯ ಅಗಳಿ ಸರಿಯಾಗಿ ಹಾಕಿರಲಿಲ್ಲ. ಅದು ಅವರು ಮಾಡುತ್ತಿದ್ದ ಕೆಲಸ. ಹದಿನೆಂಟು ಮೇಕೆಯೂ ಮೆರವಣಿಗೆ ಹೊರಟು ರಾಜಶೇಖರರ ಕೋಸಿನ ಹೊಲಕ್ಕೆ ನುಗ್ಗಿದವು. ಹೊಲದ ಆಚೆಗೆ ಕಾಡು. ಹಿಂದಿನ ವಾರವಷ್ಟೇ ಅಲ್ಲಿ ಚಿರತೆ ಒಂದು ಕರು ಹಿಡಿದಿತ್ತು.

ನಾಯಿ ಬಾಗಿಲಲ್ಲಿ ಮಲಗಿ ದಾರಿ ನೋಡುತ್ತಿತ್ತು. ಇವ್ನೇ ಅಂದೆ. ರಾಜಾ ಅಂದೆ, ಟೈಗರ್ ಅಂದೆ, ನಮ್ಮಪ್ಪಾ ಅಂದೆ. ಅಲ್ಲಾಡಲಿಲ್ಲ. ಕೆಂಚಿ ನನ್ನನ್ನೇ ಬೊಗಳಿತು. ಪೊರಕೆ ಹಿಡಿದು ಓಡಿದೆ. ಸೆರಗು ಬೇಲಿಗೆ ಸಿಕ್ಕಿ, ಅರ್ಧ ಸೀರೆ ಬೇಲಿ ಉಟ್ಟಿತು, ಅರ್ಧ ನಾನು. ಕಾಲು ಜಾರಿ ಕೋಸಿನ ಪಾತಿಯಲ್ಲಿ ಬಿದ್ದೆ. ನಾನು ಬಿದ್ದು ಹಾಳಾದ ಕೋಸು, ಮೇಕೆ ತಿಂದದ್ದಕ್ಕಿಂತ ಹೆಚ್ಚು!

ಪಕ್ಕದ ಮನೆ ಪರಿಮಳ ಓಡಿ ಬಂದಳು. ನಾಯಿಯನ್ನು ಹೆಸರು ಹಿಡಿದು ಕರೆಯಕ್ಕ, ಮೇಕೆ ಕಾಡು ಸೇರುತ್ತವೆ ಅಂದಳು. ನೀನೇ ಕರೆ ಅಂದೆ. ಅವಳು ನಾಲಿಗೆ ಕಚ್ಚಿಕೊಂಡಳು.

“ನಮ್ ಮಾವುಂದೂ ಅದೇ ಎಸ್ರು ಕಣಕ್ಕ. ಸೊಸೆ ಎಂಗೇಳದು?”

ನೋಡಿ ನಮ್ಮ ಸ್ಥಿತಿ. ಹೊಲದ ನಡುವೆ ಎರಡು ಗಟ್ಟಿ ಗಂಟಲಿನ ಹೆಂಗಸರು, ಎರಡಕ್ಷರದ ಒಂದು ಹೆಸರು, ಹೇಳುವ ಬಾಯಿ ಇಲ್ಲ. ಮುಂದಿನ ಮೇಕೆ ಆಗಲೇ ಪೊದೆಗೆ ತಲೆ ತೂರಿಸಿತ್ತು. ಅವರೇ ಕೈಯಾರೆ ಹಾಲು ಕುಡಿಸಿ ಉಳಿಸಿದ ಮೇಕೆ ಅದು.

ಕಣ್ಣು ಮುಚ್ಚಿಕೊಂಡೆ.

“ಮಾದೂ.”

ನಾಯಿ ಬಾಣದಂತೆ ಹೋಯಿತು. ಹದಿನೆಂಟೂ ಬಾಯಲ್ಲಿ ಎಲೆ ಹಿಡಿದುಕೊಂಡೇ ವಾಪಸ್ಸು ಬಂದವು. ಅಷ್ಟರಲ್ಲಿ “ಓ” ಅಂತ ಒಂದು ಗಂಡು ದನಿ. ತಿರುಗಿದೆ. ಪರಿಮಳಳ ಮಾವ, ತಮ್ಮ ಜಗುಲಿಯಿಂದ.

ಪರಿಮಳ ನಕ್ಕಳು. ನಾನೂ ನಕ್ಕೆ. ಅವಳ ನಗು ಮೊದಲು ನಿಂತಿತು. ಆಮೇಲೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು.

ಈಗ ದಿನಾ ಬೆಳಿಗ್ಗೆ ಹಿಕ್ಕೆ ಗುಡಿಸಿ, ಅಗಳಿ ತೆಗೆದು, ಹೆಸರು ಕೂಗುತ್ತೇನೆ. ಒಂದೇ ಕೂಗಿಗೆ ನಾಯಿ ಬಂದು ನನ್ನ ಪಾದದ ಮೇಲೆ ಕೂರುತ್ತದೆ. ಇನ್ನೊಂದು ಸಲ ಕೂಗುತ್ತೇನೆ. ಪರಿಮಳಳ ಮಾವ ಈಗ ಓ ಅನ್ನುವುದನ್ನು ಬಿಟ್ಟಿದ್ದಾರೆ.

ನಿನ್ನೆ ಪರಿಮಳ ಬೇಲಿಯಾಚೆಯಿಂದ ಕೇಳಿದಳು. “ನಾಯಿ ಬಂದು ಕುಂತದಲ್ಲಕ್ಕ, ಇನ್ಯಾಕ್ ಕೂಗ್ತೀಯ?”

“ಕಿವಿ ಮಂದ ಕಣವ್ವ,” ಅಂದೆ.