ನಿಂಬೆಹಣ್ಣು, ಸೋಡಾ ಮತ್ತು ನಮ್ಮ ಮನೆಯ ಬೆಕ್ಕು

ಪ್ರಾಣಿ ಸಾಕಿದ ಮನೆಯಲ್ಲಿ ಕಲೆ ಬೀಳುವುದು, ಅದರ ಬೆನ್ನಿಗೇ ವಾಸನೆ ಏಳುವುದು, ಆಮೇಲೆ ನನಗೆ ಕರೆ ಬರುವುದು, ಈ ಮೂರೂ ನಮ್ಮ ಕಡೆ ಎಂದೂ ತಪ್ಪಿದ್ದಿಲ್ಲ. ನಾನು ದನದ ದವಾಖಾನೆಯ ಕಂಪೌಂಡರ್. ಬಾದಾಮಿ, ಹುನಗುಂದ, ಇಳಕಲ್ಲು ಎಂದು ವರ್ಗವಾಗುತ್ತ ತಿರುಗಿದವನು. ಎಮ್ಮೆಗೆ ಸೂಜಿ ಚುಚ್ಚುವವನಿಗೆ ಬೆಕ್ಕಿನ ಉಚ್ಚೆ ತೊಳೆಯುವುದೂ ಗೊತ್ತಿರಲೇಬೇಕು ಎಂಬುದು ಮಂದಿಯ ನಂಬಿಕೆ. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೂ ಇಲ್ಲ. ಇದರಿಂದ ಊರವರಿಗೆ ಆದದ್ದನ್ನು ನಕ್ಕು ಮರೆಯಬಹುದಿತ್ತು. ಆದರೆ ಕೊನೆಗೊಮ್ಮೆ ನನ್ನ ಮಗಳ ಮದುವೆಯ ಮಾತೇ ಒಂದು ಒದ್ದೆ ಜಮಖಾನೆಯ ಮೇಲೆ ಬಂದು ಕೂತಿತು.

ದಾಟುವ ಜಾಗ

ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೇ ಊರಿನ ಮಂದಿ ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲ. ವಾರಕ್ಕೊಂದು ಗೃಹಪ್ರವೇಶ. ನಮ್ಮ ಓಣಿಯ ಮಾಸ್ತರರು ಪಡಸಾಲೆಗೆ ಬಿಳೀ ಮಾರ್ಬಲ್ ಹಾಕಿಸಿದ್ದರು. ಪದ್ಧತಿಯಂತೆ ಮೊದಲು ಆಕಳನ್ನು ಒಳಗೆ ಹೊಗಿಸಿದರು. ಅದು ಪಡಸಾಲೆಯ ನಟ್ಟನಡುವೆ ನಿಂತು ಧಾರಾಳವಾಗಿ ಉಚ್ಚೆ ಹೊಯ್ದಿತು.

"ಯಾರೂ ಒರಸಬ್ಯಾಡ್ರಿ! ಲಕ್ಷ್ಮೀ ಬಂದಾಳ!" ಎಂದರು ಮಾಸ್ತರರ ತಾಯಿ.

"ಅತ್ತೀ, ಮಾರ್ಬಲ್ ಹಳದಿ ಆಗತೈತ್ರಿ," ಎಂದಳು ಸೊಸೆ.

ಮಾಸ್ತರರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದರು. ಲಕ್ಷ್ಮಿ ಒಣಗುವ ತನಕ ಕಾದು, ಮೂರನೆಯ ದಿನ ನನ್ನನ್ನು ಕರೆಸಿದರು. ನಾನು ನಾಲ್ಕು ನಿಂಬೆಹಣ್ಣು ತರಿಸಿ ತಿಕ್ಕಿಯೇ ತಿಕ್ಕಿದೆ. ಹಳದಿ ಹೋಯಿತು, ಜೊತೆಗೆ ಮಾರ್ಬಲ್ಲಿನ ಹೊಳಪೂ ಹೋಯಿತು. ಹುಳಿ ತಾಗಿದರೆ ಮಾರ್ಬಲ್ ಸುಡುತ್ತದೆ ಎಂದು ನನಗೆ ತಿಳಿದದ್ದೇ ಅವತ್ತು. ಊಟದ ಗಂಗಾಳದಷ್ಟು ಅಗಲದ ಮಂಕು ಗುರುತು ಉಳಿಯಿತು.

ಮುದುಕಿ ಬಂದು ನೋಡಿ, "ಇಷ್ಟ ತಿಕ್ಕಿದರೂ ಲಕ್ಷ್ಮೀ ಹೋಗಲಿಲ್ಲ ನೋಡ್ರಿ!" ಎಂದು ಅದಕ್ಕೆ ಅರಿಷಿಣ ಕುಂಕುಮ ಏರಿಸಿದರು. ಇವತ್ತಿಗೂ ಆ ಮನೆಯಲ್ಲಿ ಅಡುಗೆಮನೆಗೆ ಹೋಗುವವರು ನಡುವೆ ಒಂದು ಹಾರು ಹಾರಿಯೇ ಹೋಗುತ್ತಾರೆ.

ಮಗ್ಗದ ಕುಣಿ

ಇಳಕಲ್ಲಿನಲ್ಲಿದ್ದಾಗ ನೇಕಾರರೊಬ್ಬರು ಕೈಚೀಲದಲ್ಲಿ ಬೆಕ್ಕು ಹಾಕಿಕೊಂಡು ದವಾಖಾನೆಗೆ ಬಂದರು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯನ್ನೇ ಅದು ಪಾಯಖಾನೆ ಮಾಡಿಕೊಂಡಿತ್ತಂತೆ.

"ಸಾಹೇಬ್ರ, ಮ್ಯಾಲೆ ರೇಷ್ಮಿ ಸೆರಗು, ಕೆಳಗ ಈ ನಾತ. ದಿನಾ ಹ್ಯಾಂಗ ಕೂಡ್ಲಿ? ಇದಕ್ಕೊಂದು ಗುಳಿಗಿ ಕೊಡ್ರಿ."

"ಗುಳಿಗಿ ಯಾಕ್ರಿ? ಬೆಕ್ಕಿಗೆ ನಿಂಬಿಹಣ್ಣಿನ ವಾಸನಿ ಆಗಿಬರೂದಿಲ್ಲ. ಹೋಳು ಮಾಡಿ ಕುಣಿಯಾಗ ಇಡ್ರಿ," ಎಂದೆ. ಮಾರ್ಬಲ್ಲಿಗೆ ಆಗದ್ದು ಮಣ್ಣಿನ ಕುಣಿಗೆ ಆಗುತ್ತದೆ ಎಂಬ ಧೈರ್ಯ.

ಎಂಟು ದಿನದ ಮೇಲೆ ಸಂತೆಯಲ್ಲಿ ಸಿಕ್ಕರು. ಮುಖ ಬಾಡಿತ್ತು. ಕುಣಿಯೊಳಗೆ ಕೊಯ್ದ ನಿಂಬೆಹಣ್ಣು ಕಂಡ ಪಕ್ಕದ ಮನೆಯವರು, ಯಾರೋ ಮಾಟ ಮಾಡಿಸಿದ್ದಾರೆ ಎಂದು ಓಣಿಗೆಲ್ಲ ಸಾರಿದ್ದರು.

"ಬೆಕ್ಕು ಬರೂದು ನಿಂತಿತಿಲ್ರಿ?" ಎಂದು ಕೇಳಿದೆ.

"ಬೆಕ್ಕು ದಿನಾ ಬರತೈತ್ರಿ. ಮಂದಿ ಬರೂದು ನಿಂತೈತಿ."

ಕರಿ ಕೋಟು

ಹುನಗುಂದದ ವಕೀಲರೊಬ್ಬರ ಮುದ್ದಿನ ನಾಯಿ ಅವರ ಸೋಫಾದ ಮೇಲೆ ಕಾಲೆತ್ತಿತ್ತು. ನಿಂಬೆಹಣ್ಣಿನ ಸಹವಾಸ ಬಿಟ್ಟು ಈ ಸಲ ಅಡುಗೆ ಸೋಡಾ ಹೇಳಿದೆ. "ದಪ್ಪಗ ಉದರಸ್ರಿ. ಒಂದು ದಿನ ಬಿಟ್ಟು ಝಾಡಸ್ರಿ. ವಾಸನಿ ಕುಡದ ಬಿಡತೈತಿ."

ವಕೀಲರು ಉದುರಿಸಿದರು. ಝಾಡಿಸಿ ತೆಗೆಯುವುದನ್ನು ಮರೆತರು. ಮುಂಜಾನೆ ಕರಿ ಕೋಟು ತೊಟ್ಟು ಅದೇ ಸೋಫಾದ ಮೇಲೆ ಕೂತು ಚಹಾ ಕುಡಿದು ಕೋರ್ಟಿಗೆ ನಡೆದರು. ವಾದಕ್ಕೆ ಎದ್ದು ನಿಂತಾಗ ಕೋಟಿನ ಹಿಂಭಾಗವೆಲ್ಲ ಬೆಳ್ಳಗಾದದ್ದು ಕಂಡು ಹಿಂದಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಸಂಜೆ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ವಕೀಲರು ಹೇಳಿದರು: "ನಿನ್ನ ಔಷಧ ಖರೇನ ಛಲೋ ಐತಿ. ವಾಸನಿ ಸೋಫಾದಾಗ ಉಳೀಲಿಲ್ಲ, ಮಾನ ಕೋರ್ಟಿನಾಗ ಉಳೀಲಿಲ್ಲ."

ಮನಿ ಶುದ್ಧಿ

ಇನ್ನು ನನ್ನ ಮನೆಯದು. ಮಗಳನ್ನು ನೋಡಲು ಬಾದಾಮಿ ಕಡೆಯವರು ಬರುವವರಿದ್ದರು. ಹುಡುಗ ಸಾಲಿ ಮಾಸ್ತರ, ಮನೆತನ ಛಲೋ. ಮಗಳಿಗೆ ಫೋಟೋದಲ್ಲೇ ಮನಸ್ಸಾಗಿತ್ತು. ಹಿಂದೆ ಎರಡು ಸಂಬಂಧ ತಪ್ಪಿದ್ದವು, ಇದೂ ತಪ್ಪಿದರೆ ಎಂದು ನನಗೆ ಒಳಗೊಳಗೇ ಹೆದರಿಕೆ. ಇದ್ದದ್ದೊಂದೇ ದೊಡ್ಡ ಜಮಖಾನೆ. ಅದನ್ನು ಹಾಸಿ ಹತ್ತು ನಿಮಿಷ ಆಗಿರಲಿಲ್ಲ, ನಮ್ಮ ಬೆಕ್ಕು ಮೂಲೆಯಲ್ಲಿ ಕೆಲಸ ಮುಗಿಸಿ ಮೀಸೆ ನೆಕ್ಕಿಕೊಳ್ಳುತ್ತಿತ್ತು.

"ನಿಂಬಿಹಣ್ಣು ಮುಟ್ಟಿದರ ನೋಡ್ರಿ ಮತ್ತ!" ಎಂದಳು ಹೆಂಡತಿ.

ಸಾಬೂನು ನೀರು ಹಾಕಿ ತಿಕ್ಕಿದೆ. ನೀರು ಬಿದ್ದದ್ದೇ ತಡ, ವಾಸನೆ ಇನ್ನೂ ಹುರುಪಿನಿಂದ ಎದ್ದಿತು. ಅಷ್ಟರಲ್ಲಿ ಬೀಗರಾಗಬೇಕಾದವರು ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಿದ್ದರು. ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ, ಮುಂಚಿತವಾಗಿ ತಿಳಿಯುವ ಹಾಗಿರಲಿಲ್ಲ. ಹುಡುಗ, ಅವರಪ್ಪ, ಅಜ್ಜಿ ಮೂವರೂ ಆ ಮೂಲೆಯನ್ನೇ ಹಿಡಿದು ಕೂತರು.

ಹುಡುಗನ ಅಪ್ಪ ಕೈ ಊರಿ, "ಇಲ್ಲಿ ಹಸಿ ಐತಲ್ರಿ. ಏನಿದು ವಾಸನಿ?" ಎಂದರು.

ನನ್ನ ಬಾಯಿ ಎಂದಿನಂತೆ ತಾನೇ ಉತ್ತರ ಕೊಟ್ಟಿತು. "ಗೋಮೂತ್ರ ರೀ! ಶುಭಕಾರ್ಯ ಅಂತ ಮನಿ ಶುದ್ಧಿ ಮಾಡೇವಿ."

"ಭಾಳ ಸಂಸ್ಕಾರವಂತರು ನೀವು!" ಎಂದು ಅವರು ಒದ್ದೆ ಕೈಯನ್ನು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ಅಷ್ಟಕ್ಕೇ ಬಿಡದೆ ಇನ್ನೊಮ್ಮೆ ಕೈ ಅದ್ದಿ ಮಗನ ತಲೆಗೂ ಸವರಿದರು. ಅದೇ ಹೊತ್ತಿಗೆ ಅವಲಕ್ಕಿಯ ತಾಟು ಹಿಡಿದು ಬಂದ ಮಗಳು ಅದನ್ನು ಕಂಡಳು. ನಗು ತಡೆದದ್ದಕ್ಕೆ ತಾಟು ಗಡಗಡ ನಡುಗಿತು.

"ಪಾಪ, ಹುಡಿಗಿಗಿ ಭಾಳ ನಾಚಿಕಿ," ಎಂದರು ಹುಡುಗನ ಅಪ್ಪ. ನನ್ನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅಜ್ಜಿ ಮಾತ್ರ ಮೂಗು ಅರಳಿಸುತ್ತ ನನ್ನನ್ನೇ ನೋಡುತ್ತ ಕೂತಿದ್ದರು. ಸಂಬಂಧ ಹೋಯಿತು ಎಂದುಕೊಂಡೆ.

ಹೊರಡುವಾಗ ಅಜ್ಜಿ ನನ್ನನ್ನು ಕಟ್ಟೆಯ ಮಗ್ಗುಲಿಗೆ ಕರೆದರು.

"ತಮ್ಮಾ, ಎಷ್ಟು ಬೆಕ್ಕು ಅದಾವ ನಿಮ್ಮನ್ಯಾಗ?"

ಇನ್ನು ಸುಳ್ಳು ಹೇಳುವ ತ್ರಾಣ ಇರಲಿಲ್ಲ. "ಒಂದ್ರಿ ಅಜ್ಜಿ," ಎಂದೆ.

"ಅಂಜಬ್ಯಾಡ. ನಿನ್ನ ಮಗಳು ನಮ್ಮ ಮನಿಗೆ ಹೊಂದತಾಳ. ನಮ್ಮಲ್ಲಿ ಮೂರು ಅದಾವ. ನನ್ನ ಮಗಗ ನಾನೂ ಹತ್ತು ವರ್ಷದಿಂದ ಗೋಮೂತ್ರ ಅಂತನ ಹೇಳ್ಕೋತ ಬಂದೇನಿ."