ಹೊಳೆ ಹಾರಿದ ಕುದುರೆ

ತಪ್ಪೆಲ್ಲ ಬಂಡೆಪ್ಪನ ಮೀಸೆಯದೇ. ಅದು ಅಷ್ಟು ದಪ್ಪ ಇರದಿದ್ದರೆ ಪಣಕ್ಕಿಡುವ ಹುಕಿ ಅವನಿಗೆ ಬರುತ್ತಿರಲಿಲ್ಲ.

ನಿಜಾಮರ ಕಾಲ. ಬಶೀರಾಬಾದಿನವರಲ್ಲಿ ಸಿನೆಮಾ ನೋಡಿದವನು ಕುರಿ ಕಾಯುವ ಬಂಡೆಪ್ಪ ಒಬ್ಬನೇ. ಐದು ವರ್ಷದ ಹಿಂದೆ ತಾಂಡೂರಿಗೆ ಉಣ್ಣೆ ಮಾರಲು ಹೋದವನು ‘ನಕಾಬ್ ಸವಾರ’ ನೋಡಿ ಬಂದಿದ್ದ. ಮಾತಿಲ್ಲದ ಚಿತ್ರ, ಪರದೆಯ ಪಕ್ಕ ಒಬ್ಬ ನಿಂತು ಕತೆಯನ್ನು ಕೂಗಿ ಹೇಳುತ್ತಿದ್ದ. ಅಂದಿನಿಂದ ಕಟ್ಟೆಯ ಮೇಲೆ ಬಂಡೆಪ್ಪ ಬಾಯಿ ತೆರೆದರೆ ಸಾಕು, ಮುಖಕ್ಕೆ ಬಟ್ಟೆ ಕಟ್ಟಿದ ಸವಾರನೂ ಅವನ ಬಿಳಿ ಕುದುರೆಯೂ ಹಾಜರು.

“ಮಹಾಪೂರದಾಗ ಕಾಗಿಣಾ ಎಷ್ಟು ಅಗಲ ಇರ್ತದ? ಅಷ್ಟು ಹೊಳಿ! ಒಂದೇ ನೆಗತ! ಮ್ಯಾಲ ಹೋದ ಕುದುರಿ ಕೆಳಗ ಬರೋದ್ರಾಗ ನಾ ಎರಡ ಸಲ ಉಸುರ ಬಿಟ್ಟಿನಿ!”

ಕೇಳುವವರು ಜಗಿಯುತ್ತಿದ್ದ ಎಲೆಯಡಿಕೆಯನ್ನು ಗಲ್ಲದಲ್ಲೇ ನಿಲ್ಲಿಸಿಕೊಳ್ಳುತ್ತಿದ್ದರು. ದೇವರ ಕತೆಗೂ ಊರು ಅಷ್ಟು ಗಪ್ಪಾಗುತ್ತಿರಲಿಲ್ಲ.

ಈಗ ಆ ಸವಾರನ ಮಗನ ಚಿತ್ರ ತಾಂಡೂರಿಗೆ ಬರುತ್ತದೆಂದು ಸುದ್ದಿ. ಊರೇ ಹೊರಟಿತು. ನೇಕಾರ ಕಿಷ್ಟಪ್ಪನಿಗೆ ಮಾತ್ರ ಅನುಮಾನ.

“ಕುದುರಿ ಹೊಳಿ ಹಾರ್ತದೇನೋ ಬಂಡ್ಯಾ? ನಮ್ಮ ಹೋರಿ ಗಟಾರ ಹಾರಲ್ಲ.”

“ಅಪ್ಪನ ಕುದುರಿ ಹೊಳಿ ಹಾರಿದ್ದು ಸುಳ್ಳಾದ್ರ ಈ ಮೀಸಿ ಬೋಳಸ್ರಿ!”

ಸಿನೆಮಾದವರನ್ನೇ ಕೇಳಿ ತೀರ್ಮಾನಿಸುವುದೆಂದು ಕಿಷ್ಟಪ್ಪ ಕ್ಷೌರದ ಬಕ್ಕಪ್ಪನನ್ನೂ ರೈಲು ಹತ್ತಿಸಿದ.

ಸ್ಟೇಷನ್ನಿನ ಬದಿಯ ತಗಡಿನ ಗೋದಾಮು, ಮಧ್ಯಾಹ್ನದ ಆಟ. ಬಾಗಿಲು ಮುಚ್ಚಿದರು. ಕತ್ತಲಲ್ಲಿ ಹಿಂದಿನಿಂದ ಬೆಳಕಿನ ಕೋಲೊಂದು ಬಂದು ಬಟ್ಟೆಗೆ ತಾಗಿತು. ಅದರ ಮೇಲೆ ಉರ್ದು ಅಕ್ಷರ ಮೂಡಿದವು. ಓದಬಲ್ಲವರು ಒಬ್ಬರೂ ಇರಲಿಲ್ಲ. ಆಮೇಲೆ ಗೋಡೆಯಷ್ಟು ದೊಡ್ಡ ಬಿಳಿ ಕುದುರೆ ಎದುರಿಗೇ ಓಡಿಬಂತು. ಮುಂದಿನ ಸಾಲು ಹಿಂದಿನ ಸಾಲಿನ ತೊಡೆಯೇರಿತು. ಬಂಡೆಪ್ಪನ ಹೆಂಡತಿ ಅಮೃತಬಾಯಿ ಸೆರಗು ತಲೆಗೆಳೆದು ಕೈಮುಗಿದಳು.

ಅಷ್ಟರಲ್ಲಿ ಹಳ್ಳ ಬಂತು. ಎಮ್ಮೆ ಮೈತೊಳೆದ ನೀರು ನಿಂತಷ್ಟು ಹಳ್ಳ. ಕುದುರೆ ನಿಂತಿತು, ಯೋಚಿಸಿತು, ದಾಟಿತು.

“ಥೂ!” ಬಂಡೆಪ್ಪ ಎದ್ದು ನಿಂತ. “ಮಗಾ ಅಪ್ಪನ ಹೆಸರ ಕೆಡಸ್ಯಾನ! ಹಳೇದರ ಮುಂದ ಇದು ಕಸ!”

ಹಳೆಯದನ್ನು ಕಣ್ಣಲ್ಲಿ ಕಾಣದ ಊರೆಲ್ಲ ಎದ್ದಿತು: “ಹೌದ್ರಿ, ಕಸಾ! ಹಳೇದೇ ತೋರಸ್ರಿ!”

ಬಾಗಿಲಲ್ಲಿ ಟಿಕೀಟು ಹರಿಯುವ ಮನ್ಮಥಪ್ಪ ಓಡಿಬಂದ. “ಯಾಕ್ ಚೀರ್ತೀರಿ? ಹೊಸಾ ರೀಲಿನ ಪೆಟ್ಟಿಗಿ ಮುಂಜಾನಿ ಗಾಡೀಗಿ ಬಂದಿಲ್ಲ. ಮಂದಿ ಕುಂತದ ಅಂತ ಹಳೇದೇ ಹಚ್ಚೀವಿ. ನೀವ್ ನೋಡಿದ್ದು ಅಪ್ಪನ ಕುದುರೀನೇ.”

“ಸುಳ್ಳ! ಹೊಳಿ ಹಾರಿದ್ದು ನಾ ಕಣ್ಣಾರೆ ನೋಡೀನಿ!”

ಮನ್ಮಥಪ್ಪ ತನ್ನ ಒಡಕು ಗಂಟಲು ಮುಟ್ಟಿಕೊಂಡು ನಕ್ಕ. “ಹೊಳಿ ಹಾರಿದ್ದು ಕುದುರಿ ಅಲ್ಲೋ ತಮ್ಮಾ, ನನ್ನ ಬಾಯಿ. ಆವಾಗ ಪರದೆ ಬಾಜೂಕ ನಿಂತು ಕತಿ ಹೇಳಾಂವ ನಾನೇ. ಗಂಟಲ ಹೋತು, ಟಿಕೀಟ ಹರಿಯಾಕ ನಿಂತಿನಿ.”

ಬಂಡೆಪ್ಪ ಬೆರಗಾಗಿ ನಿಂತ. ಆ ಹೊಳೆಯ ನೊರೆ, ಗೊರಸಿನಿಂದ ಉದುರಿದ ಹನಿ, ಎಲ್ಲ ಅವನ ಕಣ್ಣಲ್ಲಿ ಈಗಲೂ ಇತ್ತು. ಮನ್ಮಥಪ್ಪನ ಬಾಯಿಂದ ಹೊರಟದ್ದು ತನ್ನ ಕಣ್ಣೊಳಗೆ ಹೋಗಿ ಐದು ವರ್ಷ ಓಡಿತ್ತಲ್ಲ!

ಬೆರಗು ಮುಗಿಯುವ ಮೊದಲೇ ಬಕ್ಕಪ್ಪ ಕತ್ತಿ ಮಸೆದ. ಸ್ಟೇಷನ್ನಿನ ಬೇವಿನ ಗಿಡದ ಕೆಳಗೆ ಬಂಡೆಪ್ಪನ ಮುಖ ಸುಲಿದ ಉಳ್ಳಾಗಡ್ಡಿಯಾಯಿತು.

ಸಂಜೆ ಗಾಡಿಗೆ ಪೆಟ್ಟಿಗೆ ಬಂತು. ಅದೇ ಟಿಕೀಟಿಗೆ ಎಲ್ಲರನ್ನೂ ಮತ್ತೆ ಒಳಗೆ ಬಿಟ್ಟರು. ಈ ಸಲ ನಿಜವಾದ ಹೊಳೆ, ದಡದಿಂದ ದಡಕ್ಕೆ ನೀರು ತುಂಬಿತ್ತು. ಮಗನ ಕುದುರೆ ನೆಗೆಯಿತು. ಅದು ಆಕಾಶದಲ್ಲಿದ್ದಷ್ಟು ಹೊತ್ತು ಅಳುವ ಕೂಸುಗಳೂ ಅಳು ಮರೆತವು. ಕಿಷ್ಟಪ್ಪನ ಬಾಯಿಂದ ಬೀಡಿ ಧೋತರದ ಮೇಲೆ ಬಿತ್ತು.

“ಯಪ್ಪೋ! ಬಂಡ್ಯಾ ಹೇಳಿದಂಗೇ ಅದಲ್ಲೋ!”

ಊರೆಲ್ಲ ತಿರುಗಿ ನೋಡಿತು. ಬಂಡೆಪ್ಪ ಮೀಸೆ ತಿರುವಲು ಕೈ ಎತ್ತಿದ. ಬೆರಳಿಗೆ ಏನೂ ಸಿಗಲಿಲ್ಲ.

“ಹಾರ್ತು ಬಿಡ್ರಿ,” ಎಂದ ಸಣ್ಣ ದನಿಯಲ್ಲಿ. “ಆದ್ರ ಹಳೇದರಂಗ ಇಲ್ಲ.”

“ಖರೇ,” ಕಿಷ್ಟಪ್ಪ ತಲೆದೂಗಿದ. “ಅಪ್ಪನ ಕುದುರಿ ಇನ್ನಾ ಎತ್ತರ ಹಾರಿತ್ತು.”

“ಹಂಗಾದ್ರ ನನ್ನ ಮೀಸಿ?”

ಕಿಷ್ಟಪ್ಪ ಅವನ ಬೋಳು ತುಟಿಯನ್ನು ನೋಡಿ ನಿಟ್ಟುಸಿರಿಟ್ಟ. “ಏನ್ ಮೀಸಿ ಇತ್ತೋ ಬಂಡ್ಯಾ! ಇನ್ನ ಎಂಥದ್ದು ಬೆಳಸಿದ್ರೂ ಹಳೇದರ ಸರಿ ಬರಲ್ಲ.”